ದೇಹದ ಸೈನ್ಯಕ್ಕೊಂದು ಕಡಿವಾಣ

2020ರಲ್ಲಿ ಕೊರೋನಾ ಬಂದಾಗ 'ರೋಗ ನಿರೋಧಕ ಶಕ್ತಿ' ಎಂಬುದು ನಮ್ಮ ಮನೆ ಮನೆಯ ಮಾತಾಯಿತು. ಅದುವರೆಗೆ ಹೆಚ್ಚಾಗಿ ವೈದ್ಯರ ಬಾಯಲ್ಲಿ ಕೇಳುತ್ತಿದ್ದ ಪದ ಕಿರಾಣಿ ಅಂಗಡಿಯ ಪೊಟ್ಟಣಗಳ ಮೇಲೂ ಕಾಣಿಸಿಕೊಂಡಿತು. ಕಷಾಯ, ಲೇಹ್ಯ, ಮಾತ್ರೆ, ಹಣ್ಣಿನ ರಸ, ಎಲ್ಲವೂ ಒಂದೇ ಭರವಸೆ ಕೊಟ್ಟವು: ನಿಮ್ಮ ರೋಗ ನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತೇವೆ. ಹೆಚ್ಚಾದಷ್ಟೂ ಒಳ್ಳೆಯದೇ ಎಂದು ನಾವೂ ನಂಬಿದೆವು. ಅದು ಮಿತಿಮೀರಿದರೆ ಏನಾದೀತು ಎಂದು ಕೇಳಿದವರು ಕಡಿಮೆ.

ಆದರೆ ಅದೇ ವರ್ಷ ಜೂನ್ ತಿಂಗಳಲ್ಲಿ ಬ್ರಿಟನ್ನಿನಿಂದ ಬಂದ ಸುದ್ದಿ ಬೇರೆಯೇ ಕತೆ ಹೇಳಿತು. ಅಲ್ಲಿನ ಆಸ್ಪತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಅಗ್ಗದ, ಹಳೆಯ ಸ್ಟಿರಾಯ್ಡ್ ಔಷಧಿಯನ್ನು ಕೊರೋನಾ ರೋಗಿಗಳಿಗೆ ಕೊಟ್ಟು ನೋಡಲಾಗಿತ್ತು. ವೆಂಟಿಲೇಟರಿನಲ್ಲಿದ್ದವರ ಸಾವು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವು ಐದನೇ ಒಂದರಷ್ಟು ಕಡಿಮೆಯಾಯಿತು. ಈ ಔಷಧಿ ವೈರಸ್ಸನ್ನು ಕೊಲ್ಲುವುದಿಲ್ಲ. ಅದು ಮಾಡುವುದು ರೋಗ ನಿರೋಧಕ ಶಕ್ತಿಯನ್ನು ಕುಗ್ಗಿಸುವ ಕೆಲಸ. ಅಂದರೆ ಗಂಭೀರ ಸ್ಥಿತಿಯಲ್ಲಿದ್ದ ಆ ರೋಗಿಗಳಲ್ಲಿ ಅನೇಕರನ್ನು ಕೊಲ್ಲುತ್ತಿದ್ದುದು ಬರೀ ವೈರಸ್ ಅಲ್ಲ, ವೈರಸ್ಸಿನ ಮೇಲೆ ಎರಗಿ ಆಮೇಲೆ ನಿಲ್ಲಲು ಮರೆತ ಅವರದೇ ದೇಹದ ಸೈನ್ಯ.

ಹಾಗಾದರೆ ಆರೋಗ್ಯವಂತ ದೇಹದಲ್ಲಿ ಈ ಸೈನ್ಯವನ್ನು ನಿಲ್ಲಿಸುವವರು ಯಾರು? ನೆಗಡಿ ಬಂದು ಹೋದ ಮೇಲೆ, ಗಾಯ ಮಾಗಿದ ಮೇಲೆ, ಸಾಕು ಎಂದು ಹೇಳುವವರು ಯಾರು? ಈ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಒಂದು ಪುಟ್ಟ ಜೀನಿನದು. ಅದರ ಹೆಸರು ಸಿಟಿಎಲ್‌ಎ-4. ಇದನ್ನು ಕಂಡುಕೊಂಡ ಬಗೆ, ತಪ್ಪಾಗಿ ಓದಿಕೊಂಡ ಬಗೆ, ಕೊನೆಗೆ ಔಷಧಿಯಾಗಿಸಿದ ಬಗೆ ಕಳೆದ ನಾಲ್ಕು ದಶಕಗಳ ವೈದ್ಯಕೀಯ ಚರಿತ್ರೆಯ ಮುಖ್ಯ ಅಧ್ಯಾಯಗಳಲ್ಲಿ ಒಂದು. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಎರ್ಲಿಕ್‌ರ ಆಡುಗಳು

ದೇಹ ತನ್ನ ಮೇಲೆಯೇ ತಾನು ದಾಳಿ ಮಾಡಬಲ್ಲದೇ ಎಂಬ ಪ್ರಶ್ನೆ ಇಪ್ಪತ್ತನೇ ಶತಮಾನದ ಆರಂಭದ್ದು. ಜರ್ಮನಿಯ ಪಾಲ್ ಎರ್ಲಿಕ್ ಮತ್ತು ಅವರ ಸಹೋದ್ಯೋಗಿ ಮಾರ್ಗೆನ್‌ರೋತ್ ಆಡುಗಳ ಮೇಲೆ ಕೆಲವು ಪ್ರಯೋಗ ಮಾಡಿದರು. ಒಂದು ಆಡಿನ ರಕ್ತವನ್ನು ಇನ್ನೊಂದು ಆಡಿಗೆ ಚುಚ್ಚಿದರೆ, ಚುಚ್ಚಿಸಿಕೊಂಡ ಆಡು ಆ ಪರಕೀಯ ರಕ್ತಕಣಗಳನ್ನು ಒಡೆಯುವ ಪದಾರ್ಥವನ್ನು ತಯಾರಿಸುತ್ತಿತ್ತು. ಆದರೆ ಅದರದೇ ರಕ್ತವನ್ನು ಅದಕ್ಕೇ ಚುಚ್ಚಿದರೆ ಏನೂ ಆಗುತ್ತಿರಲಿಲ್ಲ. ದೇಹಕ್ಕೆ ತನ್ನನ್ನು ತಾನೇ ವಿಷವಾಗಿಸಿಕೊಳ್ಳುವುದರ ಬಗ್ಗೆ ಒಂದು ಭಯವಿದೆ, ಅದನ್ನು ತಡೆಯುವ ಏರ್ಪಾಡು ಒಳಗೆಲ್ಲೋ ಇದೆ ಎಂದು ಎರ್ಲಿಕ್ ತೀರ್ಮಾನಿಸಿದರು.

ಎರ್ಲಿಕ್ ಹೇಳಿದ್ದು ತಡೆಯುವ ಏರ್ಪಾಡು ಇದೆ ಎಂದು. ಮುಂದಿನವರಲ್ಲಿ ಹೆಚ್ಚಿನವರು ಅದನ್ನು ಅರ್ಥ ಮಾಡಿಕೊಂಡದ್ದು, ಅಂಥ ದಾಳಿ ನಡೆಯುವುದೇ ಇಲ್ಲ ಎಂದು. ಈ ನಂಬಿಕೆ ಸುಮಾರು ಅರ್ಧ ಶತಮಾನ ಉಳಿಯಿತು. 1956ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ, ಮೊಲದ ಥೈರಾಯ್ಡ್ ಗ್ರಂಥಿಯಿಂದ ತೆಗೆದ ಸಾರವನ್ನು ಮೊಲಗಳಿಗೇ ಚುಚ್ಚಿದರು. ಆ ಮೊಲಗಳ ದೇಹ ಸ್ವಂತ ಥೈರಾಯ್ಡ್ ಗ್ರಂಥಿಯ ಮೇಲೆಯೇ ಮುಗಿಬಿತ್ತು. ಸಂಧಿವಾತ, ಲೂಪಸ್, ಮಕ್ಕಳಲ್ಲಿ ಬರುವ ಸಕ್ಕರೆ ಕಾಯಿಲೆ ಮೊದಲಾದ ಅನೇಕ ರೋಗಗಳ ಮೂಲದಲ್ಲಿ ಇಂಥದೇ ಸ್ವಜನ ದಾಳಿ ಇದೆ ಎಂಬುದು ಕ್ರಮೇಣ ಸ್ಪಷ್ಟವಾಯಿತು.

ಇದರ ಬೆನ್ನಿಗೇ, 1961ರಲ್ಲಿ, ಲಂಡನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾಕ್ ಮಿಲ್ಲರ್ ಇನ್ನೊಂದು ಬಾಗಿಲು ತೆರೆದರು. ಎದೆಗೂಡಿನ ಮೇಲ್ಭಾಗದಲ್ಲಿರುವ ಥೈಮಸ್ ಎಂಬ ಗ್ರಂಥಿಯಿಂದ ಏನೂ ಪ್ರಯೋಜನವಿಲ್ಲ ಎಂದು ಆಗ ಬಹಳ ಜನ ನಂಬಿದ್ದರು. ಹುಟ್ಟಿದ ಕೂಡಲೇ ಈ ಗ್ರಂಥಿಯನ್ನು ತೆಗೆದ ಇಲಿಮರಿಗಳು ಸೋಂಕು ತಡೆಯಲಾರದೆ ಸೊರಗಿ ಸಾಯುವುದನ್ನು ಮಿಲ್ಲರ್ ತೋರಿಸಿದರು. ಇಲ್ಲಿ ಪಳಗಿ ಹೊರಬರುವ ಬಿಳಿ ರಕ್ತಕಣಗಳಿಗೆ, ಥೈಮಸ್ಸಿನ ಮೊದಲಕ್ಷರ ಹಿಡಿದು, ಟಿ ಕೋಶಗಳೆಂದು ಹೆಸರಾಯಿತು. ತಮ್ಮವರನ್ನೇ ಶತ್ರುವೆಂದು ತಿಳಿಯುವ ಟಿ ಕೋಶಗಳನ್ನು ಥೈಮಸ್ ಬಹುಮಟ್ಟಿಗೆ ಅಲ್ಲೇ ನಾಶ ಮಾಡುತ್ತದೆ. ಆದರೆ ಜರಡಿ ಎಷ್ಟೇ ಸಣ್ಣದಿರಲಿ, ಕೆಲವು ಕಾಳು ತಪ್ಪಿಸಿಕೊಳ್ಳುತ್ತವೆ. ಅಂದರೆ ನಮ್ಮೆಲ್ಲರ ದೇಹದಲ್ಲೂ ನಮ್ಮ ಮೇಲೆಯೇ ತಿರುಗಿ ಬೀಳಬಲ್ಲ ಟಿ ಕೋಶಗಳು ಈಗಲೂ ಓಡಾಡಿಕೊಂಡಿವೆ. ಆದರೂ ನಮ್ಮಲ್ಲಿ ಹೆಚ್ಚಿನವರು ಆರೋಗ್ಯವಾಗಿದ್ದೇವೆ. ಅದಕ್ಕೆ ಕಾರಣ ಬೇಕಲ್ಲವೇ?

ಒಂದು ಅಪ್ಪಣೆ ಸಾಲದು

ಜೀವಕೋಶದ ಹೊರಮೈಯಲ್ಲಿ ನಿಂತು, ಹೊರಗಿನ ಸುದ್ದಿಯನ್ನು ಒಳಕ್ಕೆ ಮುಟ್ಟಿಸುವ ಪ್ರೋಟೀನುಗಳಿಗೆ ರಿಸೆಪ್ಟರ್ ಎನ್ನುತ್ತಾರೆ. ಮನೆಯ ಬಾಗಿಲಲ್ಲಿ ಕುಳಿತು ಬಂದವರನ್ನು ಗುರುತು ಹಿಡಿಯುವ ಹಿರಿಯರಂತೆ ಇವು. ಪ್ರತಿಯೊಂದು ರಿಸೆಪ್ಟರನ್ನು ತಯಾರಿಸುವ ವಿಧಾನವು ಒಂದು ಜೀನಿನಲ್ಲಿ, ಅಂದರೆ ವಂಶವಾಹಿಯಲ್ಲಿ ಬರೆದಿರುತ್ತದೆ. ಟಿ ಕೋಶಕ್ಕೆ ಶತ್ರುವನ್ನು ಗುರುತಿಸಲು ಒಂದು ಮುಖ್ಯ ರಿಸೆಪ್ಟರ್ ಇದೆ. 1984ರ ಹೊತ್ತಿಗೆ ಅದರ ಜೀನುಗಳೂ ಪತ್ತೆಯಾದವು.

ಆದರೆ ಗುರುತು ಹಿಡಿದ ಮಾತ್ರಕ್ಕೆ ಟಿ ಕೋಶ ಹೋರಾಟಕ್ಕೆ ಇಳಿಯುವುದಿಲ್ಲ. ರೋಗ ನಿರೋಧಕ ಕೋಶಗಳು ಎಚ್ಚರಗೊಳ್ಳಲು ಎರಡು ಸಂಕೇತಗಳು ಬೇಕೆಂಬ ವಾದವನ್ನು 1970ರಲ್ಲೇ ಪೀಟರ್ ಬ್ರೆಟ್ಷರ್ ಮತ್ತು ಮೆಲ್ವಿನ್ ಕೋನ್ ಮುಂದಿಟ್ಟಿದ್ದರು. ಟಿ ಕೋಶದ ಮಟ್ಟಿಗೆ ಆ ಎರಡನೆಯ ಸಂಕೇತ ಯಾವುದೆಂದು 1990ರ ದಶಕದ ಆರಂಭದಲ್ಲಿ ತಿಳಿಯಿತು. ಟಿ ಕೋಶದ ಮೇಲೆ ಸಿಡಿ28 ಎಂಬ ಇನ್ನೊಂದು ರಿಸೆಪ್ಟರ್ ಇದೆ. ಶತ್ರುವಿನ ತುಣುಕನ್ನು ತಂದು ತೋರಿಸುವ ಕಾವಲು ಕೋಶದ ಮೇಲೆ ಬಿ7 ಎಂಬ ಪ್ರೋಟೀನಿದೆ. ಸಿಡಿ28 ಹೋಗಿ ಬಿ7ನ್ನು ಹಿಡಿದಾಗಲೇ ಟಿ ಕೋಶ ಪೂರ್ತಿಯಾಗಿ ಎಚ್ಚರಗೊಂಡು, ಒಂದು ಎರಡಾಗಿ, ಎರಡು ನಾಲ್ಕಾಗಿ ಸಾವಿರಗಟ್ಟಲೆ ಹೆಚ್ಚುತ್ತದೆ. ಹೀಗೆ ಗಾಡಿಯನ್ನು ಚಾಲೂ ಮಾಡುವ ಕೀಲಿಯೂ, ವೇಗ ಕೊಡುವ ಆಕ್ಸಿಲರೇಟರೂ ಸಿಕ್ಕಿದವು. ಬ್ರೇಕ್ ಎಲ್ಲಿದೆ ಎಂದು ಆಗ ಗೊತ್ತಿರಲಿಲ್ಲ. ವಾಸ್ತವದಲ್ಲಿ ಅದು ಆಗಲೇ ಕೈಗೆ ಸಿಕ್ಕಿತ್ತು, ಗುರುತು ಸಿಕ್ಕಿರಲಿಲ್ಲ ಅಷ್ಟೆ.

ಹೆಸರಿದ್ದು ಕೆಲಸ ತಿಳಿಯದ ಜೀನ್

ಫ್ರಾನ್ಸಿನ ದಕ್ಷಿಣ ಕರಾವಳಿಯ ಮಾರ್ಸೇ ನಗರದಲ್ಲಿ ಪಿಯೇರ್ ಗೋಲ್‌ಸ್ಟೀನ್ ಅವರ ಪ್ರಯೋಗಾಲಯವು, ಟಿ ಕೋಶಗಳು ಇತರ ಕೋಶಗಳನ್ನು ಕೊಲ್ಲುವುದು ಹೇಗೆ ಎಂದು ಹುಡುಕುತ್ತಿತ್ತು. ಕೊಲ್ಲುವ ಟಿ ಕೋಶಗಳಲ್ಲಿ ಯಾವ ಜೀನುಗಳು ಚುರುಕಾಗಿವೆ ಎಂದು ಆ ತಂಡ ಪಟ್ಟಿ ಮಾಡತೊಡಗಿತು. ಸಿಕ್ಕಿದ ಅಣುಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡುತ್ತಾ ಹೋಯಿತು. ನಾಲ್ಕನೆಯದೇ ಸಿಟಿಎಲ್‌ಎ-4. 1987ರಲ್ಲಿ ಜಾನ್ ಫ್ರಾಂಸ್ವಾ ಬ್ರೂನೆ ಮತ್ತು ಸಂಗಾತಿಗಳು ಅದರ ವಿವರವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಪ್ರತಿಕಾಯಗಳ ದೊಡ್ಡ ಕುಟುಂಬಕ್ಕೆ ಸೇರಿದ, ಕೋಶದ ಮೇಲ್ಮೈಯ ಪ್ರೋಟೀನು ಎಂಬುದು ಅದರ ರಚನೆಯಿಂದ ತಿಳಿಯಿತು. ಆದರೆ ಅದರ ಕೆಲಸ ಏನೆಂಬುದು ತಿಳಿಯಲಿಲ್ಲ.

ಮುಂದೆ ಮನುಷ್ಯರಲ್ಲೂ ಇದೇ ಜೀನ್ ಸಿಕ್ಕಿತು. ನಮ್ಮ ಎರಡನೆಯ ವರ್ಣತಂತುವಿನ ಮೇಲೆ, ಸಿಡಿ28 ಜೀನಿನ ಮಗ್ಗುಲಲ್ಲೇ ಅದು ಕುಳಿತಿದೆ. ಅದರ ಪ್ರೋಟೀನು 223 ಅಮೈನೋ ಆಮ್ಲಗಳ ಒಂದು ಸಣ್ಣ ಸರಪಳಿ. ಇವೆರಡೂ ಒಂದೇ ಪೂರ್ವಜ ಜೀನಿನಿಂದ ಕವಲೊಡೆದ ಅಣ್ಣತಮ್ಮಂದಿರು ಎಂಬುದು ವಿಜ್ಞಾನಿಗಳ ಅಭಿಪ್ರಾಯ. 1991ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿದ್ದ ಪೀಟರ್ ಲಿನ್ಸ್‌ಲಿ ಮತ್ತು ತಂಡದವರು ಸಿಟಿಎಲ್‌ಎ-4 ಕೂಡ ಬಿ7ನ್ನೇ ಹಿಡಿಯುತ್ತದೆ, ಅದೂ ಸಿಡಿ28ಕ್ಕಿಂತ ಸುಮಾರು 20 ಪಟ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು.

ಅಣ್ಣನಂತೆಯೇ ತಮ್ಮ ಎಂದುಕೊಳ್ಳುವುದು ಸಹಜ. ಸಿಟಿಎಲ್‌ಎ-4 ಕೂಡ ಟಿ ಕೋಶವನ್ನು ಹುರಿದುಂಬಿಸುತ್ತದೆ ಎಂದು ಅನೇಕರು ತಿಳಿದರು. ಅದಕ್ಕೆ ಅಂಟುವ ಪ್ರತಿಕಾಯವನ್ನು ಟಿ ಕೋಶಗಳಿಗೆ ಸೇರಿಸಿದಾಗ ಅವು ಇನ್ನಷ್ಟು ಚುರುಕಾದದ್ದನ್ನು ಕಂಡು, ಈ ಪ್ರತಿಕಾಯ ಸಿಟಿಎಲ್‌ಎ-4ನ್ನು ಒತ್ತಿ ಕೆಲಸ ಮಾಡಿಸುತ್ತಿದೆ ಎಂದು ಅವರು ಭಾವಿಸಿದರು. ಇದಕ್ಕೆ ತದ್ವಿರುದ್ಧವಾದ ಅರ್ಥ ಹೇಳಿದವರು ಇಬ್ಬರು: ಷಿಕಾಗೋದ ಜೆಫ್ರಿ ಬ್ಲೂಸ್ಟೋನ್ ಮತ್ತು ಬರ್ಕ್ಲಿಯ ಜೇಮ್ಸ್ ಆಲಿಸನ್. ಪ್ರತಿಕಾಯ ಅದನ್ನು ಒತ್ತುತ್ತಿಲ್ಲ, ಅದರ ಕೈ ಕಟ್ಟುತ್ತಿದೆ. ಕೈ ಕಟ್ಟಿದಾಗ ಟಿ ಕೋಶ ಓಡುತ್ತದೆ ಎಂದರೆ ಆ ಕೈಯ ಕೆಲಸ ತಡೆಯುವುದೇ ಇರಬೇಕು ಎಂಬುದು ಅವರ ವಾದ. ಬ್ಲೂಸ್ಟೋನ್ ತಂಡದ ಬರಹ 1994ರಲ್ಲಿ, ಆಲಿಸನ್ ಮತ್ತು ಅವರ ಶಿಷ್ಯ ಮ್ಯಾಥ್ಯೂ ಕ್ರಮ್ಮೆಲ್ ಅವರ ಬರಹ 1995ರಲ್ಲಿ ಬಂದವು. ಕಣ್ಣೆದುರಿಗಿದ್ದ ಫಲಿತಾಂಶ ಒಂದೇ. ಅದನ್ನು ಓದಿದ ರೀತಿ ಎರಡು.

ಮೂರು ವಾರದ ಇಲಿಗಳು

ಈ ವಿವಾದವನ್ನು ಮುಗಿಸಿದ್ದು ಇಲಿಗಳು. 1995ರಲ್ಲಿ ಬಾಸ್ಟನ್ನಿನ ಆರ್ಲೀನ್ ಶಾರ್ಪ್ ಅವರ ತಂಡ ಮತ್ತು ಟೊರೊಂಟೋದ ಟಾಕ್ ಮಾಕ್ ಅವರ ತಂಡ, ಸಿಟಿಎಲ್‌ಎ-4 ಜೀನೇ ಇಲ್ಲದ ಇಲಿಗಳನ್ನು ಬೇರೆ ಬೇರೆಯಾಗಿ ಬೆಳೆಸಿದವು. ಮರಿಗಳು ಹುಟ್ಟುವಾಗ ಚೆನ್ನಾಗಿಯೇ ಇದ್ದವು. ಕೆಲವೇ ದಿನಗಳಲ್ಲಿ ಅವುಗಳ ದುಗ್ಧರಸ ಗ್ರಂಥಿಗಳು ಮತ್ತು ಗುಲ್ಮ ಊದಿಕೊಂಡವು. ಟಿ ಕೋಶಗಳು ಮಿತಿಯಿಲ್ಲದೆ ಹೆಚ್ಚಿ ಹೃದಯ, ಮೇದೋಜೀರಕ ಗ್ರಂಥಿ ಮೊದಲಾದ ಅಂಗಗಳಿಗೆ ನುಗ್ಗಿದವು. ಮೂರು ನಾಲ್ಕು ವಾರಗಳಲ್ಲಿ ಎಲ್ಲವೂ ಸತ್ತವು. ಅವುಗಳನ್ನು ಕೊಂದದ್ದು ಸೋಂಕಲ್ಲ, ಸ್ವಂತ ರಕ್ಷಣಾ ವ್ಯವಸ್ಥೆ.

ಸಾವಿರಾರು ಜೀನುಗಳಲ್ಲಿ ಒಂದೇ ಒಂದು ಇಲ್ಲವಾದರೆ ಇಷ್ಟು ದೊಡ್ಡ ಅನಾಹುತ! ಆಯುಧ ಕಡಿಮೆಯಾಗಿ ಸಾಯುವ ಪ್ರಾಣಿಯನ್ನು ವಿಜ್ಞಾನ ಎಷ್ಟೋ ಸಲ ಕಂಡಿತ್ತು. ಆಯುಧ ಕೆಳಗಿಡಲು ಬಾರದೆ ಸಾಯುವ ಪ್ರಾಣಿ ಹೇಗಿರುತ್ತದೆ ಎಂಬುದನ್ನು ಈ ಇಲಿಗಳು ತೋರಿಸಿದವು.

ಈ ಕಡಿವಾಣ ಕೆಲಸ ಮಾಡುವ ಬಗೆಯೂ ಮುಂದಿನ ವರ್ಷಗಳಲ್ಲಿ ಬಿಡಿಸಿಕೊಂಡಿತು. ವಿಶ್ರಾಂತಿಯಲ್ಲಿರುವ ಟಿ ಕೋಶದ ಮೇಲೆ ಸಿಟಿಎಲ್‌ಎ-4 ಇರುವುದೇ ಇಲ್ಲ ಎನ್ನಬಹುದು. ಕೋಶ ಎಚ್ಚರಗೊಂಡು ಹೋರಾಟಕ್ಕೆ ಇಳಿದ ಮೇಲೆಯೇ ಅದು ತಯಾರಾಗಿ, ಒಳಗಿನಿಂದ ಹೊರಮೈಗೆ ಬರುತ್ತದೆ. ಬಂದದ್ದೇ ಬಿ7ನ್ನು ಸಿಡಿ28ರ ಕೈಯಿಂದ ಕಸಿದುಕೊಳ್ಳುತ್ತದೆ. 2011ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಯಾನ್‌ಸಮ್ ಅವರ ತಂಡ ಇನ್ನೂ ಸೋಜಿಗದ ಸಂಗತಿ ತೋರಿಸಿತು: ಸಿಟಿಎಲ್‌ಎ-4 ಎದುರಿನ ಕೋಶದ ಮೇಲಿರುವ ಬಿ7ನ್ನು ಕಿತ್ತು ತನ್ನ ಕೋಶದೊಳಕ್ಕೆ ಎಳೆದು ನಾಶ ಮಾಡಿಬಿಡುತ್ತದೆ. ಹುರಿದುಂಬಿಸುವ ವಸ್ತುವೇ ಇಲ್ಲವಾದ ಮೇಲೆ ಹೋರಾಟ ತಣ್ಣಗಾಗುತ್ತದೆ. ಹೀಗೆ ಟಿ ಕೋಶ ಎಚ್ಚರಗೊಳ್ಳುವಾಗಲೇ ತನ್ನನ್ನು ತಡೆಯುವ ಸಾಧನವನ್ನೂ ತಾನೇ ಸಿದ್ಧಪಡಿಸಿಕೊಳ್ಳುತ್ತದೆ.

ಇನ್ನು ಕೆಲವು ಟಿ ಕೋಶಗಳ ವೃತ್ತಿಯೇ ಶಾಂತಿ ಕಾಪಾಡುವುದು. ಜಪಾನಿನ ಷಿಮೋನ್ ಸಕಾಗುಚಿ 1995ರಲ್ಲಿ ಇಂಥ ನಿಯಂತ್ರಕ ಟಿ ಕೋಶಗಳನ್ನು ಗುರುತಿಸಿದರು. ಇವುಗಳಲ್ಲಿ ಸಿಟಿಎಲ್‌ಎ-4 ಸದಾ ಸಿದ್ಧವಾಗಿರುತ್ತದೆ. ಈ ಕೋಶಗಳಲ್ಲಿ ಮಾತ್ರ ಆ ಜೀನನ್ನು ತೆಗೆದರೂ ಇಲಿಗಳು ಮಾರಕ ಕಾಯಿಲೆಗೆ ತುತ್ತಾಗುತ್ತವೆ ಎಂದು ಅವರ ತಂಡ 2008ರಲ್ಲಿ ತೋರಿಸಿತು. ಈ ಕೋಶಗಳ ಸಂಶೋಧನೆಗಾಗಿ ಸಕಾಗುಚಿ ಅವರಿಗೆ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಂದಿಗೆ 2025ರ ನೊಬೆಲ್ ಪ್ರಶಸ್ತಿ ಬಂತು.

ಬ್ರೇಕ್ ತೆಗೆದರೆ ಕ್ಯಾನ್ಸರ್ ಹೋದೀತೇ?

ಬ್ರೇಕ್ ಸಿಕ್ಕಿತು ಎಂದಾಗ ಹೆಚ್ಚಿನವರ ಮನಸ್ಸು ಹೋದದ್ದು ಅದನ್ನು ಒತ್ತುವ ಕಡೆಗೆ. ಸಂಧಿವಾತದಂಥ ಕಾಯಿಲೆಗಳಲ್ಲಿ ಟಿ ಕೋಶಗಳನ್ನು ತಣ್ಣಗಾಗಿಸಬಹುದು ಎಂಬ ಆಲೋಚನೆ ಅದು. ಆಲಿಸನ್ ಯೋಚಿಸಿದ್ದು ಇನ್ನೊಂದು ದಿಕ್ಕಿನಲ್ಲಿ. ಬಾಲ್ಯದಲ್ಲೇ ತಾಯಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡವರು ಅವರು. ಕ್ಯಾನ್ಸರ್ ಕೋಶಗಳ ಎದುರು ಟಿ ಕೋಶಗಳು ಸೋಲುವುದು ಶಕ್ತಿ ಸಾಲದೆ ಅಲ್ಲ, ಬ್ರೇಕ್ ಬಿದ್ದಿರುವುದರಿಂದ ಇರಬಹುದೇ? 1994ರ ಕೊನೆಯಲ್ಲಿ ಅವರ ತಂಡ ಗಡ್ಡೆಗಳಿದ್ದ ಇಲಿಗಳಿಗೆ ಸಿಟಿಎಲ್‌ಎ-4ನ್ನು ತಡೆಯುವ ಪ್ರತಿಕಾಯವನ್ನು ಕೊಟ್ಟಿತು. ಗಡ್ಡೆಗಳು ಕರಗಿದವು. ನಂಬಲಾಗದೆ ಕ್ರಿಸ್‌ಮಸ್ ರಜೆಯಲ್ಲೇ ಪ್ರಯೋಗವನ್ನು ಮತ್ತೆ ಮಾಡಿದರು. ಮತ್ತೆ ಅದೇ ಫಲಿತಾಂಶ. 1996ರಲ್ಲಿ ಡಾನಾ ಲೀಚ್, ಕ್ರಮ್ಮೆಲ್ ಮತ್ತು ಆಲಿಸನ್ ಇದನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಆದರೆ ಔಷಧ ಕಂಪೆನಿಗಳು ಇದನ್ನು ಕೂಡಲೇ ಅಪ್ಪಿಕೊಳ್ಳಲಿಲ್ಲ. ರೋಗ ನಿರೋಧಕ ಶಕ್ತಿಯನ್ನು ಕೆರಳಿಸಿ ಕ್ಯಾನ್ಸರ್ ಗುಣಪಡಿಸುವ ಪ್ರಯತ್ನ 1890ರ ದಶಕದಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ಅವರ ಕಾಲದಿಂದಲೂ ನಡೆದಿತ್ತು. ಒಂದು ಶತಮಾನದ ನಿರಾಸೆ ಅದರ ಬೆನ್ನಿಗಿತ್ತು. ಕೊನೆಗೆ ಮೆಡರೆಕ್ಸ್ ಎಂಬ ಸಣ್ಣ ಕಂಪೆನಿಯೊಂದು ಮುಂದೆ ಬಂತು. ಹೀಗೆ ಹುಟ್ಟಿದ ಔಷಧಿ ಇಪಿಲಿಮುಮ್ಯಾಬ್. ಇದೇ ಬಗೆಯ ಇನ್ನೊಂದು ಔಷಧಿಯ ಪರೀಕ್ಷೆಯನ್ನು ಫೈಜರ್ ಕಂಪೆನಿ 2008ರಲ್ಲಿ, ಫಲವಿಲ್ಲವೆಂದು ಅರ್ಧಕ್ಕೇ ನಿಲ್ಲಿಸಿತ್ತು. ಈ ಔಷಧಿಗಳು ಹಳೆಯ ಕ್ಯಾನ್ಸರ್ ಮದ್ದಿನಂತೆ ಗಡ್ಡೆಯನ್ನು ನೇರವಾಗಿ ಕೊಲ್ಲುವುದಿಲ್ಲ. ಟಿ ಕೋಶಗಳು ಸೇರಿ, ಗಡ್ಡೆ ಮೊದಲು ಊದಿ, ತಿಂಗಳುಗಳ ನಂತರ ಕರಗುವುದೂ ಉಂಟು. ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ ಅದು ಕಂಡಿತು.

2010ರಲ್ಲಿ 676 ರೋಗಿಗಳ ಪರೀಕ್ಷೆಯ ಫಲಿತಾಂಶ ಬಂತು. ಅವರೆಲ್ಲ ದೇಹವೆಲ್ಲ ಹರಡಿದ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನವರು. ಇಪಿಲಿಮುಮ್ಯಾಬ್ ಪಡೆದ ಗುಂಪಿನಲ್ಲಿ ಮಧ್ಯಮ ಆಯುಷ್ಯ ಸುಮಾರು 10 ತಿಂಗಳು, ಪಡೆಯದ ಗುಂಪಿನಲ್ಲಿ 6.4 ತಿಂಗಳು. ಮೇಲ್ನೋಟಕ್ಕೆ ಇದು ಸಣ್ಣ ಲಾಭ. ಆದರೆ ನಂತರ ಅನೇಕ ಪರೀಕ್ಷೆಗಳನ್ನು ಒಟ್ಟಾಗಿ ನೋಡಿದಾಗ, ಈ ಔಷಧಿ ಪಡೆದ ಐವರಲ್ಲಿ ಒಬ್ಬರಂತೆ ಮೂರು ವರ್ಷ ದಾಟಿದ್ದರು. ಹಾಗೆ ದಾಟಿದವರಲ್ಲಿ ಹೆಚ್ಚಿನವರು ಮುಂದೆಯೂ ಬದುಕಿದರು, ಕೆಲವರು ಹತ್ತು ವರ್ಷ. ಅಮೆರಿಕ 2011ರ ಮಾರ್ಚಿನಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಈ ನಡುವೆ ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೋ ಅವರ ತಂಡ 1992ರಲ್ಲಿ ಕಂಡುಹಿಡಿದಿದ್ದ ಪಿಡಿ-1 ಎಂಬ ಇನ್ನೊಂದು ಬ್ರೇಕ್ ರಿಸೆಪ್ಟರಿನಿಂದಲೂ ಔಷಧಿಗಳು ಹುಟ್ಟಿದವು. 2018ರ ನೊಬೆಲ್ ಪ್ರಶಸ್ತಿಯನ್ನು ಆಲಿಸನ್ ಮತ್ತು ಹೊಂಜೋ ಹಂಚಿಕೊಂಡರು. ಆದರೆ ಈ ಕತೆಯಲ್ಲಿ ಬ್ರೂನೆ, ಗೋಲ್‌ಸ್ಟೀನ್, ಲಿನ್ಸ್‌ಲಿ, ಬ್ಲೂಸ್ಟೋನ್, ಶಾರ್ಪ್, ಕ್ರಮ್ಮೆಲ್, ಲೀಚ್ ಅವರ ಕೈಗಳೂ ಇವೆ ಎಂಬುದನ್ನು ಓದುಗರು ಗಮನಿಸಿರಬಹುದು.

ಒಂದೇ ಜೀನ್, ಎರಡು ದಾರಿ

ಸ್ವಾರಸ್ಯದ ಸಂಗತಿಯೆಂದರೆ, ಬ್ರೇಕ್ ಒತ್ತುವ ಔಷಧಿಯೂ ಇದೇ ಜೀನಿನಿಂದ ಬಂತು. ಸಿಟಿಎಲ್‌ಎ-4ರ ಹೊರಭಾಗವನ್ನು ಪ್ರತಿಕಾಯದ ಬಾಲಕ್ಕೆ ಜೋಡಿಸಿ ಮಾಡಿದ ಅಬಟಾಸೆಪ್ಟ್, ಬಿ7ನ್ನು ಮುಚ್ಚಿಹಾಕಿ ಟಿ ಕೋಶಗಳಿಗೆ ಹುರಿದುಂಬಿಕೆ ಸಿಗದಂತೆ ಮಾಡುತ್ತದೆ. ಸಂಧಿವಾತಕ್ಕಾಗಿ ಅಮೆರಿಕ ಇದಕ್ಕೆ 2005ರಲ್ಲಿ ಅನುಮತಿ ನೀಡಿತು. ಅದನ್ನು ತಯಾರಿಸಿದ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಕಂಪೆನಿಯೇ 2009ರಲ್ಲಿ ಮೆಡರೆಕ್ಸನ್ನು ಕೊಂಡುಕೊಂಡಿತು. ಹೀಗೆ ಬ್ರೇಕ್ ಒತ್ತುವ ಮದ್ದು, ಬ್ರೇಕ್ ಬಿಡಿಸುವ ಮದ್ದು ಎರಡೂ ಒಂದೇ ಕಂಪೆನಿಯ ಕೈ ಸೇರಿದವು.

ಆಕ್ಸಿಲರೇಟರನ್ನೇ ನೇರವಾಗಿ ತುಳಿದರೆ ಏನಾಗುತ್ತದೆ ಎಂಬುದಕ್ಕೂ ಚರಿತ್ರೆಯಲ್ಲಿ ಉದಾಹರಣೆಯಿದೆ. 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಆರು ಮಂದಿ ಆರೋಗ್ಯವಂತ ಯುವಕರಿಗೆ, ಸಿಡಿ28ನ್ನು ಒತ್ತುವ ಟಿಜಿಎನ್1412 ಎಂಬ ಹೊಸ ಔಷಧಿಯನ್ನು ಮೊದಲ ಬಾರಿಗೆ ಕೊಡಲಾಯಿತು. ಮಂಗಗಳಲ್ಲಿ ಸುರಕ್ಷಿತವೆಂದು ಕಂಡಿದ್ದ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ ಅದು. ಆದರೂ ಕೆಲವೇ ಗಂಟೆಗಳಲ್ಲಿ ಆರೂ ಮಂದಿಯ ಅಂಗಾಂಗಗಳು ಸೋಲತೊಡಗಿ, ಎಲ್ಲರನ್ನೂ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಜೀವ ಉಳಿಯಿತು. ಆದರೆ ಒಬ್ಬರು ಕಾಲ್ಬೆರಳುಗಳನ್ನೂ ಕೆಲವು ಕೈಬೆರಳುಗಳ ತುದಿಗಳನ್ನೂ ಕಳೆದುಕೊಂಡರು. ಮನುಷ್ಯರ ಕೆಲವು ಟಿ ಕೋಶಗಳ ಮೇಲಿರುವ ಸಿಡಿ28, ಮಂಗಗಳ ಅದೇ ಬಗೆಯ ಕೋಶಗಳ ಮೇಲೆ ಇರುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಬ್ರೇಕ್ ಬಿಡಿಸುವ ಔಷಧಿಯೂ ಸಾಧು ಪ್ರಾಣಿಯಲ್ಲ. 2010ರ ಆ ಪರೀಕ್ಷೆಯಲ್ಲೇ 14 ಮಂದಿಯ ಸಾವಿಗೆ ಪರೀಕ್ಷೆಯ ಔಷಧಿಗಳೇ ಕಾರಣವಾಗಿದ್ದವು. ಕರುಳು, ಚರ್ಮ, ಯಕೃತ್ತು, ಹಾರ್ಮೋನಿನ ಗ್ರಂಥಿಗಳ ಮೇಲೆ ಟಿ ಕೋಶಗಳು ಎರಗುವುದು ಈ ಚಿಕಿತ್ಸೆಯಲ್ಲಿ ಸಾಮಾನ್ಯ. 2016ರಲ್ಲಿ, ಎರಡು ಬ್ರೇಕುಗಳನ್ನೂ ಒಟ್ಟಿಗೆ ಬಿಡಿಸಿದ್ದ ಇಬ್ಬರು ರೋಗಿಗಳು ಹೃದಯದ ಉರಿಯೂತದಿಂದ ತೀರಿಕೊಂಡ ವರದಿ ಬಂತು. 1995ರ ಇಲಿಗಳ ಹೃದಯದಲ್ಲಿ ಕಂಡಿದ್ದೂ ಅಂಥದೇ ಉರಿಯೂತವಲ್ಲವೇ? ಇಂಥ ಹೃದಯದ ತೊಂದರೆಗೆ ಸಿಕ್ಕಿದ ರೋಗಿಯೊಬ್ಬರನ್ನು ಅಬಟಾಸೆಪ್ಟ್ ಕೊಟ್ಟು ಉಳಿಸಿದ ವರದಿಯೂ 2019ರಲ್ಲಿ ಫ್ರಾನ್ಸಿನಿಂದ ಬಂತು.

ಹುಟ್ಟಿನಿಂದಲೇ ಬ್ರೇಕ್ ಸಡಿಲವಾದವರು

ಇದು ಇಲಿಗಳಿಗೆ, ಔಷಧಿ ಪಡೆದವರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಸಿಟಿಎಲ್‌ಎ-4 ಜೀನಿನ ಸಣ್ಣ ಪಾಠಾಂತರಗಳಿಗೂ ಥೈರಾಯ್ಡ್ ರೋಗ ಮತ್ತು ಮೊದಲ ಬಗೆಯ ಸಕ್ಕರೆ ಕಾಯಿಲೆಗೂ ನಂಟಿದೆ ಎಂದು 2003ರಲ್ಲಿ ಗೊತ್ತಾಯಿತು. 2014ರಲ್ಲಿ ಎರಡು ಸಂಶೋಧಕ ತಂಡಗಳು, ತಂದೆ ಅಥವಾ ತಾಯಿಯಿಂದ ಬಂದ ಒಂದು ಪ್ರತಿ ಕೆಟ್ಟಿದ್ದರೂ ಕಾಯಿಲೆ ಬರಬಹುದೆಂದು ತೋರಿಸಿದವು. ಕರುಳಿನ ಉರಿಯೂತ, ರಕ್ತಕಣಗಳ ನಾಶ, ಪದೇ ಪದೇ ಸೋಂಕು, ಶ್ವಾಸಕೋಶ ಮತ್ತು ಮೆದುಳಿಗೆ ನುಗ್ಗುವ ಟಿ ಕೋಶಗಳು ಇದರ ಲಕ್ಷಣಗಳು. ವಿಚಿತ್ರವೆಂದರೆ ಅದೇ ಕೆಟ್ಟ ಪ್ರತಿ ಹೊತ್ತ ಕೆಲವರು ಆರೋಗ್ಯವಾಗಿಯೂ ಇರುತ್ತಾರೆ.

ಇದರ ಸಮೀಪದ ಇನ್ನೊಂದು ಕಾಯಿಲೆ ಎಲ್‌ಆರ್‌ಬಿಎ ಎಂಬ ಜೀನಿನದು. ಸಿಟಿಎಲ್‌ಎ-4 ಕೋಶದೊಳಗೆ ನಾಶವಾಗದಂತೆ ಕಾಯುವ ಕೆಲಸ ಅದರದು. ಇದರ ಎರಡೂ ಪ್ರತಿಗಳು ಕೆಟ್ಟಾಗ ಬ್ರೇಕ್ ಉಳಿಯುವುದಿಲ್ಲ. 2012ರಲ್ಲಿ ಇದು ಮೊದಲು ಪತ್ತೆಯಾದದ್ದು ರಕ್ತಸಂಬಂಧದಲ್ಲಿ ಮದುವೆಯಾದ ಕುಟುಂಬಗಳ ಮಕ್ಕಳಲ್ಲಿ. ಸೋದರ ಸಂಬಂಧದ ಮದುವೆಗಳು ನಮ್ಮ ಕರ್ನಾಟಕದಲ್ಲಿ ಹಿಂದೂಗಳಲ್ಲೂ ಮುಸ್ಲಿಮರಲ್ಲೂ ಇವೆ. ಮಗುವಿಗೆ ಕಾರಣ ತಿಳಿಯದ ಭೇದಿ, ರಕ್ತಹೀನತೆ, ಪದೇ ಪದೇ ನ್ಯುಮೋನಿಯಾ ಒಟ್ಟಿಗೆ ಕಾಡುತ್ತಿದ್ದರೆ, ಹಣೆಬರಹವೆಂದು ಕೈಚೆಲ್ಲದೆ ವಂಶವಾಹಿ ಪರೀಕ್ಷೆಯ ಬಗ್ಗೆ ತಜ್ಞರನ್ನು ಕೇಳುವುದು ಒಳ್ಳೆಯದು. ಎಲ್‌ಆರ್‌ಬಿಎ ಕೊರತೆಯ ರೋಗಿಗಳಿಗೆ ಅಬಟಾಸೆಪ್ಟ್ ನೆರವಾಗುತ್ತದೆ ಎಂದು 2015ರಲ್ಲೇ ವರದಿಯಾಗಿದೆ.

ಬೆಲೆಯ ಪ್ರಶ್ನೆ

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಚರಿತ್ರೆ ಅಪೂರ್ಣವಾಗುತ್ತದೆ. 2011ರಲ್ಲಿ ಮಾರುಕಟ್ಟೆಗೆ ಬಂದಾಗ ಇಪಿಲಿಮುಮ್ಯಾಬಿನ ನಾಲ್ಕು ಚುಚ್ಚುಮದ್ದುಗಳ ಬೆಲೆ ಅಮೆರಿಕದಲ್ಲಿ 1,20,000 ಡಾಲರ್. ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ ಬೆಳೆದ ಜ್ಞಾನವು ಔಷಧಿಯಾಗಿ ಹೊರಬರುವಾಗ ನಮ್ಮಂಥ ದೇಶದ ಬಹುಪಾಲು ರೋಗಿಗಳ ಕೈಗೆ ಎಟುಕದಂತಾಯಿತು.

ಭಾರತದಲ್ಲಿ ತಂಬಾಕು, ಗುಟ್ಕಾ, ಅಡಿಕೆಯಿಂದಾಗಿ ಬಾಯಿ ಕ್ಯಾನ್ಸರಿನ ಹಾವಳಿ ಹೆಚ್ಚು. ಈ ರೋಗಿಗಳಲ್ಲಿ ದೊಡ್ಡ ಪಾಲು ಬಡವರು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಒಂದು ದಿಟ್ಟ ಪ್ರಶ್ನೆ ಕೇಳಿದರು: ಪಿಡಿ-1 ಬ್ರೇಕನ್ನು ಬಿಡಿಸುವ ನಿವೋಲುಮ್ಯಾಬ್ ಔಷಧಿ ಅಷ್ಟೊಂದು ಬೇಕೇ? ಎರಡು ವಾರಕ್ಕೆ 240 ಮಿಲಿಗ್ರಾಂ ಕೊಡುವ ರೂಢಿಯಿರುವಲ್ಲಿ, ಅವರು ಮೂರು ವಾರಕ್ಕೆ ಕೇವಲ 20 ಮಿಲಿಗ್ರಾಂ ಕೊಟ್ಟರು. ಲೆಕ್ಕ ಹಾಕಿದರೆ ಅದು ಸುಮಾರು ನೂರಕ್ಕೆ ಆರು ಪಾಲು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಉಲ್ಬಣಿಸಿದ್ದ 151 ರೋಗಿಗಳ ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅಗ್ಗದ ಮಾತ್ರೆಗಳನ್ನಷ್ಟೇ ಪಡೆದವರಲ್ಲಿ ಒಂದು ವರ್ಷ ಬದುಕಿದವರು ಶೇ. 16.3. ಮಾತ್ರೆಯ ಜೊತೆ ಈ ಅಲ್ಪ ಪ್ರಮಾಣದ ಔಷಧಿಯನ್ನೂ ಪಡೆದವರಲ್ಲಿ ಶೇ. 43.4. ಪೂರ್ಣ ಪ್ರಮಾಣಕ್ಕೆ ಇದು ಸಮವೇ ಎಂಬುದನ್ನು ಆ ಅಧ್ಯಯನ ಅಳೆದಿಲ್ಲ. ಆದರೆ ಇಲ್ಲಿನ ರೋಗಿಯ ಎದುರಿಗಿರುವ ಆಯ್ಕೆ ಪೂರ್ಣ ಮತ್ತು ಅಲ್ಪದ ನಡುವಿನದಲ್ಲ, ಅಲ್ಪ ಮತ್ತು ಶೂನ್ಯದ ನಡುವಿನದು.

ನೂರಿಪ್ಪತ್ತು ವರ್ಷಗಳ ಹಿಂದೆ ಎರ್ಲಿಕ್ ಕೇಳಿಕೊಂಡ ಪ್ರಶ್ನೆಗೆ ಈಗ ಉತ್ತರದ ಒಂದು ಭಾಗ ಸಿಕ್ಕಿದೆ. ದೇಹವನ್ನು ಕಾಯುವುದು ಬರೀ ಆಯುಧವಲ್ಲ. ಆಯುಧ ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬ ವಿವೇಕ. ಆ ವಿವೇಕ ಕೆಟ್ಟರೆ ಸಂಧಿವಾತ, ಸಕ್ಕರೆ ಕಾಯಿಲೆ. ಅದು ಅತಿಯಾದರೆ ಕ್ಯಾನ್ಸರಿಗೆ ಸಲುಗೆ. ಆದ್ದರಿಂದ ರೋಗ ನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತೇವೆ ಎಂಬ ಜಾಹೀರಾತನ್ನು ಮುಂದಿನ ಸಲ ನೋಡಿದಾಗ ನಾವು ಒಂದು ಪ್ರಶ್ನೆ ಕೇಳಬಹುದು: ಹೆಚ್ಚಿಸಿದ್ದನ್ನು ನಿಲ್ಲಿಸುವುದು ಹೇಗೆಂದು ನಿಮಗೆ ಗೊತ್ತಿದೆಯೇ?